ಕಣ್ಣಂಚಿನ ಚುಕ್ಕೆಗಳು

ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದ ಅಜ್ಜಿಗೆ ಕೆನ್ನೆಯನ್ನು ಯಾರೋ ಉಜ್ಜಿದಂತಾಗಿ ಎಚ್ಚರವಾಯಿತು. ಐದು ವರ್ಷದ ಮೊಮ್ಮಗಳು ರಬ್ಬರ್ ಹಿಡಿದು ಪಕ್ಕದಲ್ಲೇ ಕೂತಿದ್ದಳು.

"ಅಲ್ಲಾಡಬೇಡ ಅಜ್ಜಿ. ಯಾರೋ ನಿನ್ನ ಮುಖದ ಮೇಲೆಲ್ಲ ಪೆನ್ಸಿಲಲ್ಲಿ ಚುಕ್ಕೆ ಇಟ್ಟುಬಿಟ್ಟಿದಾರೆ. ಅಳಿಸ್ತಿದೀನಿ."

ಬಾಗಿಲಲ್ಲಿದ್ದ ಸೊಸೆ ಕಿಸಕ್ಕನೆ ನಕ್ಕಳು. ಅತ್ತೆಯ ಕಣ್ಣು ತುಂಬಿದ್ದು ಕಂಡು ನಗು ನಿಲ್ಲಿಸಿ ಪಕ್ಕಕ್ಕೆ ಬಂದು ಕೂತಳು.

ಮೂವತ್ತು ವರ್ಷ ಟ್ರಾಫಿಕ್ ಪೊಲೀಸಾಗಿ ನಾಲ್ಕು ರಸ್ತೆ ಕೂಡುವಲ್ಲಿ ಬಿಸಿಲಿಗೆ ಮುಖವೊಡ್ಡಿ ನಿಂತ ಹೆಂಗಸು ಈ ಅಜ್ಜಿ. ಅವಳು ಸೀಟಿ ಊದಿದರೆ ಲಾರಿಯವರೂ ಗಪ್‌ಚುಪ್ಪಾಗುತ್ತಿದ್ದರು. ನಿವೃತ್ತಿಯಾದ ಮೇಲೆ ಎರಡೂ ಕಣ್ಣುಗಳ ಪಕ್ಕ ಈ ಕಪ್ಪು ಚುಕ್ಕೆಗಳು ಒಂದೊಂದಾಗಿ ಎದ್ದವು. ಕೊಳೆ ಎಂದುಕೊಂಡು ಒರಟು ಬಟ್ಟೆಯಲ್ಲಿ ಚರ್ಮ ಕೆಂಪೇರುವ ತನಕ ತಿಕ್ಕಿದ್ದೇ ಬಂತು. ಮುಖ ತೊಳೆಯದವಳು ಅಂದುಕೊಂಡಾರು ಎಂದು ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು.

"ನಾಳೆ ಚರ್ಮದ ಡಾಕ್ಟರ್ ಹತ್ರ ಹೋಗೋಣ ಅತ್ತೆ."

"ಈ ವಯಸ್ಸಲ್ಲಾ? ಮೊಡವೆ ಹುಡುಗೀರ ಮಧ್ಯೆ ನಾನು ಹೋಗಿ ಕೂರಲಾ?"

"ಕೂರಿ. ನಾನೂ ಕೂರ್ತೀನಿ."

ಮರುದಿನ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. "ಇದು ಕೊಳೆ ಅಲ್ಲಮ್ಮ. ಬಿಸಿಲಿಗೆ ಚರ್ಮ ಸಡಿಲಾಗಿ ರಂಧ್ರ ಅಗಲ ಆಗಿವೆ. ಒಳಗಿನ ಜಿಡ್ಡು, ಸತ್ತ ಚರ್ಮ ಸೇರಿ ಬಾಯಿ ಕಟ್ಟಿದೆ. ಗಾಳಿ ತಾಗಿ ಕಪ್ಪಾಗಿದೆ ಅಷ್ಟೇ. ತಿಕ್ಕಿದ್ರೆ ಹೋಗಲ್ಲ."

"ಹಾಗಾದ್ರೆ ನಾನು ಗಲೀಜಲ್ಲ?"

"ಗಲೀಜೇನು ಬಂತು! ಬಿಸಿಲಲ್ಲಿ ದುಡಿದಿದೀರಿ."

ಡಾಕ್ಟರಮ್ಮ ತೆಳುವಾದ ಸಲಕರಣೆಯಿಂದ ಎಡಗಡೆಯ ಚುಕ್ಕೆಗಳನ್ನು ಒಂದೊಂದಾಗಿ ತೆಗೆದರು. ಚುರ್ ಎಂದಾಗಲೆಲ್ಲ ಸೊಸೆಯ ಕೈ ಅತ್ತೆಯ ಹಿಡಿತಕ್ಕೆ ಸಿಕ್ಕಿ ನಲುಗುತ್ತಿತ್ತು.

"ಬಲಗಡೆ ನೀವೇ ತಿಕ್ಕಿ ಗಾಯ ಮಾಡ್ಕೊಂಡಿದೀರಿ. ಮೊದಲು ಅದು ಮಾಯಲಿ. ಹದಿನೈದು ದಿನ ಬಿಟ್ಟು ಬನ್ನಿ, ಆಮೇಲೆ ರಾತ್ರಿ ಹೊತ್ತು ತೆಳ್ಳಗೆ ಹಚ್ಚೋಕೆ ಮುಲಾಮು ಕೊಡ್ತೀನಿ. ತಿಂಗಳುಗಟ್ಟಲೆ ಹಚ್ಚಬೇಕು, ಬೇಜಾರು ಮಾಡ್ಕೋಬೇಡಿ. ಬಿಸಿಲಿಗೆ ಹೋಗೋವಾಗ ತಲೆಗೆ ಟೋಪಿ ಇರಲಿ."

ಕನ್ನಡಿಯಲ್ಲಿ ಎಡಗೆನ್ನೆ ಕೊಂಚ ಕೆಂಪಾಗಿತ್ತು. ಆದರೆ ಒಂದೇ ಒಂದು ಚುಕ್ಕೆಯೂ ಇರಲಿಲ್ಲ. ಅಜ್ಜಿ ಆ ಕಡೆಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮೆಟ್ಟಿಲಿಳಿಯುತ್ತಿದ್ದಂತೆ ಹಳೆಯ ಸಹೋದ್ಯೋಗಿಯೊಬ್ಬಳ ಫೋನ್ ಬಂತು. ಹಳಬರೆಲ್ಲ ಭಾನುವಾರ ಸೇರುತ್ತಾರಂತೆ, ಈ ವರ್ಷವಾದರೂ ಬರುತ್ತೀಯಾ ಎಂದು ಕೇಳಿದಳು.

"ಬರ್ತೀನಿ ಕಣೇ, ನಿಜವಾಗ್ಲೂ. ಗ್ರೂಪ್ ಫೋಟೋಗೂ ನಿಲ್ತೀನಿ. ಆದ್ರೆ ಒಂದು ಮಾತು," ಅಜ್ಜಿಯ ದನಿ ಗಟ್ಟಿಯಾಯಿತು, "ನನ್ನ ಎಡಗಡೆಗೆ ಯಾರೂ ನಿಲ್ಲೋ ಹಾಗಿಲ್ಲ!"