ಇನ್ನೂರ ನಲವತ್ತೊಂದು ಕಿಲೋ

“ಅದನ್ನ ಮಲಗಿಸಿ,” ಎಂದಳು ಅತ್ತಿಗೆ.

ನಾದಿನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಅತ್ತಿಗೆಯ ಬೆರಳು ತೋರುತ್ತಿದ್ದುದು ಚಿಕ್ಕ ಬೈಕಿನ ಕಡೆಗಲ್ಲ. ಅಂಗಳದ ಮೂಲೆಯಲ್ಲಿ ಅಗಲ ಹ್ಯಾಂಡಲ್ ಚಾಚಿಕೊಂಡು ನಿಂತಿದ್ದ ದೊಡ್ಡ ಕ್ರೂಸರ್ ಬೈಕಿನ ಕಡೆಗೆ. ಕಪ್ಪು ಟ್ಯಾಂಕು, ತಗ್ಗು ಸೀಟು. ಅಣ್ಣ ಓಡಿಸುತ್ತಿದ್ದುದೂ ಅದೇ ಮಾದರಿ.

“ಅತ್ತಿಗೆ, ಲೈಸೆನ್ಸ್ ಬಂದು ಇನ್ನೂ ಆರು ವಾರ. ಅಂಬೆಗಾಲಿಡೋ ಮಗು ಓಟದ ಪಂದ್ಯಕ್ಕೆ ಹೆಸರು ಕೊಟ್ಟ ಹಾಗಾಯ್ತು.”

“ಕೊಳ್ತೀನಿ ಅಂದೆನಾ? ಎತ್ತಿ ನೋಡ್ತೀನಿ ಅಂದೆ.”

ಹಳೆಯ ಬೈಕುಗಳನ್ನು ಸರಿಮಾಡಿ ಮಾರುವ ಅಂಗಡಿ ಅದು. ಯಜಮಾನಿ ಐದಡಿಗೆ ನಾಲ್ಕು ಬೆರಳು ಕಡಿಮೆ. ಎಲ್ಲರ ಬಾಯಲ್ಲೂ ಗಿಡ್ಡಕ್ಕ. ಹೊಸದಾಗಿ ಕಲಿತವರಿಗೆ ಅವಳದೊಂದು ಕಟ್ಟಳೆ: ಮಲಗಿಸಿದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸಬೇಕು. ಎತ್ತಲಾಗದವರಿಗೆ ಅವಳು ಆ ಗಾಡಿ ಮಾರುವುದಿಲ್ಲ. ಈ ಕಟ್ಟಳೆಯ ಸುದ್ದಿ ಕೇಳಿದ ಮೇಲೆಯೇ ಅತ್ತಿಗೆ, ಹೋದರೆ ಆ ಅಂಗಡಿಗೇ ಎಂದು ಹಟ ಹಿಡಿದದ್ದು.

ಅಣ್ಣ ಹೋಗಿ ಎರಡು ವರ್ಷ. ಜಲ್ಲಿ ಚೆಲ್ಲಿದ್ದ ತಿರುವು. ಹಿಂದೆ ಕೂತಿದ್ದ ಅತ್ತಿಗೆ ಹುಲ್ಲಿನ ಮೇಲೆ ಬಿದ್ದಳು. ಅಣ್ಣ ರಸ್ತೆಬದಿಯ ಇಳಿಜಾರಿನಲ್ಲಿ, ಎದೆಯ ಮೇಲೆ ಬೈಕು. ನರಪಿಳ್ಳೆ ಸುಳಿಯದ ದಾರಿ. ಲಾರಿಯವರು ಬಂದು ಬೈಕು ಸರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪಾಪ, ಹೆಂಗಸು, ಒಬ್ಬಳೇ ಎಷ್ಟು ಒದ್ದಾಡಿದಳೋ ಎಂದು ಬಂದವರೆಲ್ಲ ಮರುಗಿದರು. ಅತ್ತಿಗೆ ಒಂದು ಮಾತನ್ನೂ ಆಡಲಿಲ್ಲ.

ಅಣ್ಣ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡವನು. ಗ್ಯಾಸ್ ಸಿಲಿಂಡರನ್ನು ಒಂದಡಿ ಉರುಳಿಸಲೂ ಬಿಡುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಆ ಕೈಗಳಿಗೆ ಗಾಜಿಗಿಂತ ಭಾರವಾದದ್ದು ಯಾವತ್ತೂ ಸಿಕ್ಕಿದ್ದಿಲ್ಲ. ಈಗ ನಾದಿನಿ ಯಾವಾಗ ಹೋದರೂ ಅತ್ತಿಗೆ ಮಂಚದ ತುದಿಯಲ್ಲಿ ಕೂತು ಎರಡೂ ಅಂಗೈ ನೋಡಿಕೊಳ್ಳುತ್ತಿರುತ್ತಾಳೆ. ಬಿಸಿ ಎಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತದಲ್ಲ, ಆ ಸದ್ದು ಗೋಡೆಯೊಳಗಿಂದ ಬರುತ್ತಿದೆ ಎನ್ನುತ್ತಾಳೆ. ನಾದಿನಿ ಗೋಡೆಗೆ ಕಿವಿಯಿಟ್ಟು ಕೇಳಿದ್ದಾಳೆ. ಏನೂ ಇಲ್ಲ. ಆದರೂ ಮರುದಿನದಿಂದ ಆ ಗೋಡೆಗೆ ಒರಗಿ ಕೂರಲು ಅವಳಿಗೂ ಧೈರ್ಯ ಬಂದಿಲ್ಲ.

ಬೈಕ್ ಕಲಿಯುತ್ತೇನೆ ಎಂದು ಅತ್ತಿಗೆ ಬಾಯಿಬಿಟ್ಟಾಗ ನಾದಿನಿಗೆ ಹೋದ ಜೀವ ಬಂದಂತಾಗಿತ್ತು. ಇಂದು ದಾರಿಯಲ್ಲಿ ಕೇಳಿದ್ದಳು, “ಅದನ್ನೇ ಯಾಕೆ ಎತ್ತಬೇಕು?”

“ಅದರ ಭಾರ ಎಷ್ಟು ಅಂತ ಒಂದ್ಸಲ ನನ್ನ ಕೈಗೆ ಗೊತ್ತಾದ್ರೆ ನಿದ್ದೆ ಬರುತ್ತೆ ಕಣೇ.”

ಗೆದ್ದು ಬರಲಿ, ಎಂದುಕೊಂಡಿದ್ದಳು ನಾದಿನಿ.

“ಮೊದಲು ಚಿಕ್ಕದೇ ತಗೊಳ್ಳಮ್ಮ,” ಎಂದಳು ಗಿಡ್ಡಕ್ಕ. “ನೂರೈವತ್ತು ಕಿಲೋ. ಸಂದಿಯಲ್ಲಿ ತಿರುಗಿಸೋಕೆ, ಸಿಗ್ನಲ್‌ನಲ್ಲಿ ಕಾಲೂರೋಕೆ ಹಗುರ. ದೊಡ್ಡದಿದೆಯಲ್ಲ, ಓಡುವಾಗ ತೊಟ್ಟಿಲು, ನಿಂತಾಗ ಬಂಡೆ.”

“ಎಷ್ಟು ತೂಕ?”

“ಇನ್ನೂರ ನಲವತ್ತೊಂದು.”

“ಒಬ್ಬ ಹೆಂಗಸಿನ ಕೈಲಿ ಆಗಲ್ಲ, ಅಲ್ವಾ?”

“ಯಾರಮ್ಮಾ ಹಾಗಂದಿದ್ದು?”

ಅತ್ತಿಗೆ ಗಿಡ್ಡಕ್ಕ ಮಲಗಿಸಿಟ್ಟ ಚಿಕ್ಕ ಬೈಕಿನ ಹತ್ತಿರ ಹೋದಳು.

ಚಿಕ್ಕದನ್ನು ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದಳು. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಗಿಡ್ಡಕ್ಕ ದೊಡ್ಡದನ್ನು ಹಳೆಯ ಟಯರುಗಳ ಮೇಲೆ ಮಲಗಿಸಿದಳು. ಅತ್ತಿಗೆ ಬಗ್ಗಿ, ಹ್ಯಾಂಡಲ್ ಹಿಡಿದು ಜಗ್ಗಿದಳು. ಬೈಕು ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಮೂರನೆಯ ಸಲಕ್ಕೆ ಕೈಬಿಟ್ಟು ನೆಟ್ಟಗಾದಳು.

ಅವಳ ಮುಖದಲ್ಲಿ ನಗು. ಎರಡು ವರ್ಷದಿಂದ ನಾದಿನಿ ಕಾಣದ ನಗು.

“ನೋಡಿದ್ಯಾ? ಅಲ್ಲಾಡಲೂ ಇಲ್ಲ.”

“ಸೋತು ನಗೋರಲ್ಲಿ ನಿಮ್ಮನ್ನೇ ಮೊದಲು ಕಂಡಿದ್ದು ಅತ್ತಿಗೆ.”

“ಚಿಕ್ಕದೇ ಸಾಕು ಬಿಡು. ನಡಿ, ಮನೆಗೆ ಹೋಗಿ ಒಂದಿಷ್ಟು ಮಲಗ್ತೀನಿ.” ಆಗಲೇ ಅವಳ ಚೀಲ ಹೆಗಲೇರಿತ್ತು.

ಗಿಡ್ಡಕ್ಕ ಅಡ್ಡ ನಿಂತಳು. “ಎಲ್ಲಿಗೆ? ಬಾವಿಯಿಂದ ನೀರು ಸೇದೋ ಹಾಗೆ ಎಳೆದ್ರೆ ಪೈಲ್ವಾನನ ಕೈಲೂ ಆಗಲ್ಲ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಸೀಟಿನ ಕೆಳಗೆ. ಈಗ ಹಿಂದಕ್ಕೆ ಹೆಜ್ಜೆ ಹಾಕಿ, ಅಷ್ಟೇ. ಎತ್ತೋದು ತೋಳಲ್ಲಮ್ಮ, ಕಾಲು.”

“ಬೇಡಿ.” ಅತ್ತಿಗೆಯ ದನಿ ಸಣ್ಣದಾಗಿತ್ತು. “ಆಗಲ್ಲ ಅಂತ ಗೊತ್ತಾಯ್ತಲ್ಲ.”

“ನನ್ನ ಸಮಾಧಾನಕ್ಕೆ, ಒಂದೇ ಸಲ.”

“ಹೋಗಿ ಅತ್ತಿಗೆ,” ನಾದಿನಿಯೂ ಬೆನ್ನಿಗೆ ಕೈಹಚ್ಚಿ ನೂಕಿದಳು. “ಅದಕ್ಕೊಂದು ಬುದ್ಧಿ ಕಲಿಸಿ.”

ಅತ್ತಿಗೆ ಕಣ್ಣುಮುಚ್ಚಿ ಕೂತಳು. ಬೆನ್ನು ಸೀಟಿಗೆ ತಾಗಿತು. ಒಂದು ಹೆಜ್ಜೆ. ಎರಡು. ಬೈಕು ನಿದ್ದೆಗೆಡಿಸಿದ ದನದ ಹಾಗೆ, ಒಲ್ಲದ ಮನಸ್ಸಿನಿಂದ, ಮೆಲ್ಲಗೆ ಎದ್ದಿತು. ಇನ್ನೆರಡು ಹೆಜ್ಜೆಗೆ ನೆಟ್ಟಗೆ ನಿಂತಿತು. ಗಿಡ್ಡಕ್ಕ ಕಾಲಿನಿಂದ ಸ್ಟ್ಯಾಂಡ್ ಎಳೆದು ಚಪ್ಪಾಳೆ ತಟ್ಟಿದಳು. ನಾದಿನಿ ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು.

“ಎಂಟು ಎಣಿಸೋದ್ರೊಳಗೆ ಎತ್ತಿಬಿಟ್ರಲ್ಲ! ಈಗ ಹೇಳಿ, ಚಿಕ್ಕದೋ ದೊಡ್ಡದೋ? ಯಾವುದಾದ್ರೂ ಕೊಡ್ತೀನಿ.”

ಅತ್ತಿಗೆ ತಿರುಗಲಿಲ್ಲ. ಅವಳ ಕತ್ತಿನ ಕೆಂಪು ಇಳಿದು ಚರ್ಮ ಬಿಳಿಚಿಕೊಳ್ಳುತ್ತಿತ್ತು.

“ಎಂಟೇ?” ಎಂದಳು.

ನಾದಿನಿಗೆ ಆಗ ಹೊಳೆಯಿತು. ಅವಳು ಹತ್ತಿರ ಹೋಗಿ ಅತ್ತಿಗೆಯ ತೋಳು ಹಿಡಿದಳು. “ಇದು ಸಮನೆಲ ಅತ್ತಿಗೆ. ಅಲ್ಲಿ ಇಳಿಜಾರು. ಈ ಉಪಾಯ ಆಗ ಯಾರಿಗೆ ಗೊತ್ತಿತ್ತು ಹೇಳಿ? ನೀವು ಎಳೆಯೋವಷ್ಟು ಎಳೆದ್ರಿ. ಅದಕ್ಕಿಂತ ಇನ್ನೇನು ಮಾಡೋಕಾಗ್ತಿತ್ತು?”

“ನಾನು ಮುಟ್ಟಲೇ ಇಲ್ಲ ಕಣೇ,” ಎಂದಳು ಅತ್ತಿಗೆ. “ಬಗ್ಗಿದೆ. ‘ಬಿಡು, ನಿನ್ನ ಕೈಲೆಲ್ಲಿ ಆಗುತ್ತೆ, ಯಾರಾದ್ರೂ ಗಂಡಸರನ್ನ ಕರ್ಕೊಂಡು ಬಾ’ ಅಂದ್ರು ನಿಮ್ಮಣ್ಣ. ಹೊರಟುಬಿಟ್ಟೆ.”