ನೆಟ್ಟಗಾಗದ ಮೊಣಕೈ

ಬೆಳಿಗ್ಗೆ ಆರಕ್ಕೆ ಅಪ್ಪ, ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಹನ್ನೆರಡರ ಮಗಳಿಗೆ ಮಾಮೂಲಿಗಿಂತ ಎರಡರಷ್ಟು ಭಾರದ ಚೆಂಡು ಕೊಟ್ಟ. ಒಮ್ಮೆ ಎಸೆದು ಅವಳು ಮೊಣಕೈ ಹಿಡಿದುಕೊಂಡಳು.

"ನೋಯ್ತಿದೆ ಅಪ್ಪ."

"ನೋಯ್ಲಿ. ನೋವಾದ್ರೇನೇ ಕೈ ಗಟ್ಟಿಯಾಗೋದು. ಎಸಿ."

ಮೆಟ್ಟಿಲ ಮೇಲಿದ್ದ ಅಜ್ಜಿ ಎದ್ದು ಬಂದು ಮಗನ ಮುಂದೆ ನಿಂತರು. "ನೀನು ಚೆಂಡೆಸೆಯೋವಾಗ ನಿಮ್ಮಪ್ಪನೂ ನಿನಗೆ ಇದನ್ನೇ ಹೇಳ್ತಿದ್ರು. ಎಲ್ಲಿ, ಬಲಗೈ ನೆಟ್ಟಗೆ ಚಾಚು. ಎಷ್ಟು ಗಟ್ಟಿಯಾಗಿದೆ ನೋಡೋಣ."

"ಅಮ್ಮ, ಮಗು ಮುಂದೆ ಬೇಡ."

"ಅವಳ ಮುಂದೇನೇ ಚಾಚು."

ಅವನು ಚಾಚಿದ. ಮೊಣಕೈ ಅರ್ಧಕ್ಕೇ ನಿಂತಿತು. ಇಪ್ಪತ್ತು ವರ್ಷದಿಂದ ಅದು ಬಿಡಿಸಿಕೊಳ್ಳುವುದೇ ಅಷ್ಟು. ಮಗಳು ಆ ಕೈಯನ್ನೂ ತನ್ನ ಕೈಯನ್ನೂ ನೋಡಿದಳು. ಭಾರದ ಚೆಂಡನ್ನು ನೆಲಕ್ಕಿಟ್ಟಳು.

ನೋವು ಪೂರ್ತಿ ಹೋಗುವವರೆಗೆ ಅವಳು ಎಸೆಯಲಿಲ್ಲ, ಕಾಲು ಗಟ್ಟಿಯಾಗಲೆಂದು ಬಸ್ಕಿ ಹೊಡೆದಳು. ಪಕ್ಕದಲ್ಲಿ ನಿಂತು ಎಣಿಸಿದವನು ಅಪ್ಪನೇ.