ಉಳಿದ ನೆರಳು

ಕ್ಲೈಂಟ್‌ಗೆ ತೋರಿಸಬೇಕಿದ್ದ ಸಾಫ್ಟ್‌ವೇರಿನಲ್ಲಿ, ಪ್ರೊಜೆಕ್ಟರ್ ಜೋಡಿಸಿದಾಗ ಮಾತ್ರ, ಮುಚ್ಚಿದ ವಿಂಡೋದ ನೆರಳು ಪರದೆಯ ಮೇಲೆ ಹಾಗೇ ಉಳಿಯುತ್ತಿತ್ತು. ಅದನ್ನು ಅಳಿಸುವ ಎರಡು ಸಾಲು ಕೋಡನ್ನು ಶಿವಗಂಗಾ ಆಗಷ್ಟೇ ಬರೆದಿದ್ದಳು. ಇನ್ನೂ ಸೇವ್ ಮಾಡಿರಲಿಲ್ಲ.

"ಐದಾದ್ರೆ ಬೇಗೂರ್ ಕ್ಯಾಬ್ ಅಂತ ಓಡ್ತೀರಿ, ಈಗ ಕುಟ್ತಾ ಕೂತಿದೀರಾ ಮೇಡಂ? ಕ್ಲೈಂಟ್ ಕಾಯ್ತಿದಾರೆ," ಎನ್ನುತ್ತಾ ಟೀಮ್ ಲೀಡ್ ಬಸಲಿಂಗ ಅವಳ ಕೈಯಡಿಯಿಂದ ಮೌಸ್ ಎಳೆದುಕೊಂಡ.

"ಒಂದ್ನಿಮಿಷ, ಆ ನೆರಳು..."

"ನನ್ನ ಸಿಸ್ಟಮ್ಮಲ್ಲಿ ಯಾವ ನೆರಳೂ ಇಲ್ಲ. ನಿಮಗೊಬ್ರಿಗೇ ದೆವ್ವ ಕಾಣ್ಸೋದು!" ಪಕ್ಕದವರು ನಕ್ಕರು. ಸೇವ್ ಮಾಡಬೇಕೇ ಎಂದು ಪರದೆ ಕೇಳಿತು. ಅವನು ಓದದೆ 'ಬೇಡ' ಒತ್ತಿ, ಅವಳ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಪ್ರೊಜೆಕ್ಟರ್ ಇದ್ದ ಕೋಣೆಗೆ ನಡೆದ.

ಆ ಎರಡು ಸಾಲು ಶಿವಗಂಗಾಳಿಗೆ ಬಾಯಿಪಾಠವಾಗಿದ್ದವು. ಬಾಗಿಲು ಮುಚ್ಚುವವರೆಗೂ ಕೂಗಿ ಹೇಳಬಹುದಿತ್ತು. ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ನಿಧಾನವಾಗಿ ಕುಡಿದಳು.